ಮೊಸರನ್ನ ಕೊಡಿ, ಬಿಪಿ ಮಾತ್ರೆ ನಿಲ್ಲಿಸಬೇಡಿ

ಕಳೆದ ತಿಂಗಳು ಒಬ್ಬರು ಮರೆವು ಹತ್ತಿದ ತಮ್ಮ ತಾಯಿಯನ್ನು ಕರೆದುಕೊಂಡು ಬಂದರು. ಕೈಯಲ್ಲಿ ಪ್ರೊಬಯಾಟಿಕ್, ಅಂದರೆ ಹೊಟ್ಟೆಗೆ "ಒಳ್ಳೆಯ ಬ್ಯಾಕ್ಟೀರಿಯಾ" ಕೊಡುವ, ಕ್ಯಾಪ್ಸೂಲ್ ಪಟ್ಟಿ. ಒಂದೊಂದರ ಹಿಂದೆಯೂ ಬಾಲ್‌ಪೆನ್ನಿನಲ್ಲಿ ತಾರೀಕು ಬರೆದಿದ್ದರು. ಒಂದು ದಿನವೂ ತಪ್ಪಿರಲಿಲ್ಲ. "ಮಾತ್ರೆ ಜಾಸ್ತಿ ಆಯ್ತು ಅಂತ ಬಿಪಿದು ನಿಲ್ಲಿಸಿದೆ ಡಾಕ್ಟ್ರೇ" ಎಂದರು. ನೋಡಿದೆ, 180 ದಾಟಿತ್ತು.

ಇಷ್ಟು ಅಕ್ಕರೆಯಿಂದ ನೋಡಿಕೊಳ್ಳುವ ಮಗನ ಮೇಲೆ ಸಿಟ್ಟು ಬರುವುದಿಲ್ಲ. ಅವರ ತಲೆಗೆ ಇದನ್ನು ತುಂಬಿದವರ ಮೇಲೆ ಬರುತ್ತದೆ. "ಅಲ್ಜೈಮರ್ ಶುರುವಾಗೋದೇ ಹೊಟ್ಟೆಯಲ್ಲಿ, ಹೊಟ್ಟೆ ಸರಿಹೋದರೆ ಮರೆವು ಹೋಗುತ್ತೆ" ಎಂಬ ಮಾತು ವಾರಕ್ಕೆರಡು ಸಲ ಕಿವಿಗೆ ಬೀಳುತ್ತದೆ.

ಮಾತು ಪೂರ್ತಿ ಬುಡವಿಲ್ಲದ್ದಲ್ಲ. 2017ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಅಲ್ಜೈಮರ್ ಇದ್ದವರ ಮಲ ಪರೀಕ್ಷೆ ಮಾಡಿದಾಗ ಬ್ಯಾಕ್ಟೀರಿಯಾ ಬಗೆಗಳು ಕಡಿಮೆ ಕಂಡವು. 2023ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು, ಮಿದುಳು ಸವೆಯುವಂಥ ತಳಿಯ ಇಲಿಗಳನ್ನು ಒಂದೂ ಬ್ಯಾಕ್ಟೀರಿಯಾ ಸೋಕದಂತೆ ಸಾಕಿದರು. ಮಿದುಳು ಕಡಿಮೆ ಸವೆಯಿತು. ಇಲ್ಲಿ ಸ್ವಲ್ಪ ನಿಲ್ಲಿ. ಆ ಇಲಿಗಳಿಗೆ ಯಾರೂ "ಒಳ್ಳೆಯ ಬ್ಯಾಕ್ಟೀರಿಯಾ" ತಿನ್ನಿಸಿರಲಿಲ್ಲ. ಅವುಗಳ ಕರುಳಿನಲ್ಲಿ ಬ್ಯಾಕ್ಟೀರಿಯಾನೇ ಇರಲಿಲ್ಲ. ಕ್ಯಾಪ್ಸೂಲ್ ಮಾರುವವರು ಇದನ್ನು ಹೇಳುವುದಿಲ್ಲ.

ಇನ್ನು ಮಲದ ವಿಷಯ. ಮರೆವು ಹತ್ತಿದವರು ಏನು ತಿನ್ನುತ್ತಾರೆ, ನೋಡಿದ್ದೀರಾ? ಅಡುಗೆ ಕೈತಪ್ಪುತ್ತದೆ. ಸೊಪ್ಪು, ಕಾಳು ತಟ್ಟೆಯಿಂದ ಮಾಯವಾಗುತ್ತವೆ. ಟೀ, ಬಿಸ್ಕೆಟ್ ಉಳಿಯುತ್ತವೆ. ನೀರು ಕುಡಿಯಲು ನೆನಪಿರುವುದಿಲ್ಲ. ಓಡಾಟ ನಿಲ್ಲುತ್ತದೆ, ಮಲಬದ್ಧತೆ ಶುರುವಾಗುತ್ತದೆ. ಇಷ್ಟೆಲ್ಲ ಆದಮೇಲೆ ಕರುಳಿನ ಬ್ಯಾಕ್ಟೀರಿಯಾ ಮೊದಲಿನ ಹಾಗೇ ಇರಲು ಸಾಧ್ಯವಾ? ಬ್ಯಾಕ್ಟೀರಿಯಾ ಬದಲಾಗಿ ಮರೆವು ಬಂತೋ, ಮರೆವು ಬಂದು ಬ್ಯಾಕ್ಟೀರಿಯಾ ಬದಲಾಯಿತೋ? ಎರಡೂ ಇರಬಹುದು. ಮರೆವು ಕಾಣುವ ಮೊದಲೇ, ಮಿದುಳಿನಲ್ಲಿ ಅಮಿಲಾಯ್ಡ್ (ಅಲ್ಜೈಮರ್‌ನಲ್ಲಿ ಕಟ್ಟಿಕೊಳ್ಳುವ ಪ್ರೋಟೀನ್) ಸೇರಿದವರ ಕರುಳಿನಲ್ಲೂ ವ್ಯತ್ಯಾಸ ಸಿಕ್ಕಿದೆ. ಹಾಗಾಗಿ ನಂಟೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಅಲ್ಜೈಮರ್ ತಡೆಯುತ್ತದೆ ಎಂದು ಸಾಬೀತಾದ ಪ್ರೊಬಯಾಟಿಕ್ ಇವತ್ತಿಗೆ ಒಂದೂ ಇಲ್ಲ. ಬಿಪಿ, ಸಕ್ಕರೆ, ಕಿವಿ ಮಂದವಾಗುವುದು, ಇವು ಮರೆವಿನ ಅಪಾಯ ಹೆಚ್ಚಿಸುತ್ತವೆ ಎಂಬುದಕ್ಕೆ ಗಟ್ಟಿ ಆಧಾರವಿದೆ. ಮರೆವಿಗೆ ಕಾರಣ ಹುಡುಕಲು ಬಿ12 ವಿಟಮಿನ್, ಥೈರಾಯ್ಡ್ ಪರೀಕ್ಷೆಯನ್ನೂ ಮೊದಲೇ ಮಾಡಿಸಿ.

ಆ ತಾಯಿಗೆ ಬಿಪಿ ಮಾತ್ರೆ ಮತ್ತೆ ಶುರು ಮಾಡಿದೆವು. ಎರಡೂ ಕಿವಿಯಲ್ಲಿ ಗುಗ್ಗೆ ಕಟ್ಟಿತ್ತು, ತೆಗೆಸಿದೆವು. ಮೊನ್ನೆ ಬಂದಾಗ ಮಗ ಹಿಂದಿನಿಂದ "ಅಮ್ಮಾ" ಎಂದರೆ ತಿರುಗಿ ನೋಡಿದರು. ಮರೆವು ಹಾಗೇ ಇದೆ. "ಮಧ್ಯಾಹ್ನ ಮೊಸರನ್ನ ಕೊಡಬಹುದಲ್ವಾ?" ಎಂದು ಮಗ ಕೇಳಿದರು. ಧಾರಾಳವಾಗಿ ಕೊಡಿ, ಜೊತೆಗೆ ಒಂದಿಷ್ಟು ಸೊಪ್ಪಿನ ಪಲ್ಯ ಇರಲಿ ಎಂದೆ.