ಬರಸಿಡಿಲು: ಹನಿ ಬೀಳುವ ಮುಂಚೆಯೇ ಬಡಿಯುವ ಸಿಡಿಲು

ಕೆಟ್ಟ ಸುದ್ದಿ ದಿಢೀರಂತ ಬಂದರೆ ‘ಬರಸಿಡಿಲು ಬಡಿದಂತಾಯಿತು’ ಎನ್ನುತ್ತೇವೆ. ಪತ್ರಿಕೆಗಳಲ್ಲೂ ಈ ಪದ ಹೆಚ್ಚಾಗಿ ಕಾಣಿಸುವುದು ಹೀಗೇ. ಆದರೆ ಅದರ ನೇರ ಅರ್ಥ ಮಳೆಯಿಲ್ಲದೆ ಬಡಿಯುವ ಸಿಡಿಲು. ಕರಾವಳಿಯಲ್ಲಿರುವ ನಮಗೆ ಈ ನೇರ ಅರ್ಥವೇ ಜಾಸ್ತಿ ಬೇಕಾದದ್ದು.

ಕಣ್ಣಿಗೆ ಕಾಣುವ ಬೆಳಕು ಮಿಂಚು. ಕಿವಿಗೆ ಕೇಳುವ ಸದ್ದು ಗುಡುಗು. ಅದೇ ಮಿಂಚು ನೆಲಕ್ಕೋ ಮರಕ್ಕೋ ಬಡಿದರೆ ಸಿಡಿಲು.

ಮಳೆಯೇ ಇಲ್ಲದೆ ಸಿಡಿಲು ಹೇಗೆ? ಮೋಡವಂತೂ ಬೇಕೇ ಬೇಕು. ಆದರೆ ಅದು ನಮ್ಮ ತಲೆಯ ಮೇಲೇ ಇರಬೇಕೆಂದಿಲ್ಲ. ಮೋಡದೊಳಗೆ ಹಿಮದ ಹರಳುಗಳೂ ಆಲಿಕಲ್ಲಿನ ಚೂರುಗಳೂ ಒಂದಕ್ಕೊಂದು ತಾಗಿ ವಿದ್ಯುತ್ ಹುಟ್ಟುತ್ತದೆ. ನೆಲಕ್ಕೆ ಬಡಿಯುವಾಗ ಸಾಮಾನ್ಯವಾಗಿ ಅದು ಮೋಡದ ಕೆಳಗೇ ಇಳಿಯುತ್ತದೆ. ಕೆಲವೊಮ್ಮೆ ಮಾತ್ರ ಬದಿಯಿಂದ ಹೊರಬಿದ್ದು, ಅಡ್ಡಕ್ಕೆ 10 ಕಿಲೋಮೀಟರಿಗಿಂತ ದೂರ ಸಾಗಿ, ಬಿಸಿಲಿರುವ ಜಾಗಕ್ಕೂ ಬಡಿಯುತ್ತದೆ.

ಏಪ್ರಿಲ್, ಮೇ ತಿಂಗಳ ಸಂಜೆಗಳನ್ನು ನೆನಪಿಸಿಕೊಳ್ಳಿ. ಹೆಬ್ರಿ ಕಡೆ ಘಟ್ಟದ ಮೇಲೆ ಮೋಡ ಕಪ್ಪಗೆ ಎದ್ದಿರುತ್ತದೆ. ಇತ್ತ ಉಡುಪಿಯಲ್ಲಿ ಇನ್ನೂ ಬಿಸಿಲು. ಚಾಪೆಯ ಮೇಲೆ ಹಲಸಿನ ಹಪ್ಪಳ, ಅಂಗಳದಲ್ಲಿ ಅಡಿಕೆ, ಹಗ್ಗದ ಮೇಲೆ ಬಟ್ಟೆ. ದೂರದಲ್ಲೊಮ್ಮೆ ಗುಡುಗಿತೋ, ‘ಮಳೆ ಬರುವುದರೊಳಗೆ ತೆಗೆಯುವ’ ಎಂದು ಅಜ್ಜಿಯಿಂದ ಹಿಡಿದು ಮಕ್ಕಳವರೆಗೆ ಎಲ್ಲರೂ ಅಂಗಳಕ್ಕೆ ಓಡುತ್ತಾರೆ. ಚಿಕ್ಕಂದಿನಲ್ಲಿ ನಾನೂ ಓಡಿದ್ದೇನೆ. ಹನಿ ಬಿದ್ದಿಲ್ಲ, ಇನ್ನೂ ಸಮಯ ಇದೆ ಅಂದುಕೊಳ್ಳುತ್ತಿದ್ದೆವು. ನಾವು ಮಳೆಯನ್ನು ನೋಡುತ್ತಿದ್ದೆವು, ಗುಡುಗನ್ನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ. ಗುಡುಗು ಕೇಳಿಸಿತು ಎಂದರೆ ಸಿಡಿಲು ನಮ್ಮನ್ನು ಮುಟ್ಟುವಷ್ಟು ದೂರದಲ್ಲೇ ಮೋಡ ಇದೆ ಎಂದರ್ಥ. ಹಪ್ಪಳ ನೆನೆದರೆ ನೆನೆಯಲಿ, ಒಳಗೆ ಬನ್ನಿ.

ದೂರ ತಿಳಿಯಬೇಕಾದರೆ ಒಳಗೆ ಕೂತೇ ಎಣಿಸಿ. ಮಿಂಚು ಕಂಡ ಮೇಲೆ ಪ್ರತಿ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. 30 ಎಣಿಸುವ ಮೊದಲೇ ಗುಡುಗಿದರೆ ಸಿಡಿಲು 10 ಕಿಲೋಮೀಟರಿನೊಳಗೇ ಇದೆ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಹೋಗಬೇಡಿ.

ಒಳಗೆ ಅಂದರೆ ಜಗಲಿ ಅಲ್ಲ, ನಾಲ್ಕು ಗೋಡೆಯ ಒಳಗೆ. ನಲ್ಲಿ, ಚಾರ್ಜಿಗೆ ಹಾಕಿದ ಮೊಬೈಲ್, ಕೇಬಲ್ ತಂತಿ ಮುಟ್ಟಬೇಡಿ. ದಾರಿಯಲ್ಲಿದ್ದರೆ ಕಿಟಕಿ ಮುಚ್ಚಿದ ಕಾರು ಆದೀತು, ಸ್ಕೂಟರ್, ರಿಕ್ಷಾ ಆಗದು. ತೆಂಗಿನ ಮರದ ಬುಡವಂತೂ ಬೇಡವೇ ಬೇಡ. ಮರಕ್ಕೆ ಬಡಿದ ಸಿಡಿಲು ಅಲ್ಲಿಗೇ ನಿಲ್ಲುವುದಿಲ್ಲ. ಪಕ್ಕದಲ್ಲಿ ನಿಂತವರಿಗೆ ಹಾರುತ್ತದೆ, ನೆಲದಲ್ಲೂ ಹರಿಯುತ್ತದೆ. ಮರದಡಿ ಕಟ್ಟಿದ ದನಗಳು ಸಾಯುವುದು ಹೆಚ್ಚಾಗಿ ಹೀಗೆ. ಮುಂಗಾಲು ಹಿಂಗಾಲುಗಳ ನಡುವೆ ಅಂತರ ಜಾಸ್ತಿ, ಅಲ್ವಾ? ಒಂದು ಕಾಲಿನಿಂದ ಹತ್ತಿದ ವಿದ್ಯುತ್ ಎದೆಯನ್ನು ದಾಟಿ ಇನ್ನೊಂದರಿಂದ ಇಳಿಯುತ್ತದೆ.

ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂದು ಸುಮ್ನೆ ನಿಂತು ನೋಡುವವರಿದ್ದಾರೆ. ಅವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ಕೂಡಲೇ ಎದೆ ಒತ್ತಲು ಶುರು ಮಾಡಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.