ಚರ್ಮದಿಂದ ಕೀಲಿಗೆ: ಸೋರಿಯಾಸಿಸ್ ಮನೆತನದಲ್ಲಿ ಹರಿಯುವ ಬಗೆ

ಮೊಣಕೈ ಮೇಲೊಂದು ದಪ್ಪ ಮಚ್ಚೆ, ಕೆರೆದರೆ ಉದುರುವ ಬೆಳ್ಳಿಬಣ್ಣದ ಹೊಟ್ಟು. ಸೋರಿಯಾಸಿಸ್ ಇರುವ ಹುಡುಗ, ಹುಡುಗಿಗೆ ಸಂಬಂಧ ನೋಡುವಾಗ ಎದುರಾಗುವ ಪ್ರಶ್ನೆ ಎರಡು: ಅಂಟುತ್ತದೆಯೇ? ಮುಂದೆ ಮಕ್ಕಳಿಗೂ ಬರುತ್ತದೆಯೇ? ಮೊದಲನೆಯದಕ್ಕೆ ಉತ್ತರ ಸಲೀಸು. ಒಂದೇ ತಟ್ಟೆಯಲ್ಲಿ ಉಂಡರೂ ಒಂದೇ ಹಾಸಿಗೆಯಲ್ಲಿ ಮಲಗಿದರೂ ಅಂಟುವುದಿಲ್ಲ. ಎರಡನೆಯದಕ್ಕೆ ‘ಹೌದು’ ಎಂದರೂ ತಪ್ಪು, ‘ಇಲ್ಲ’ ಎಂದರೂ ತಪ್ಪು.

ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಲ್ಲಿ ಗುನ್ನಾರ್ ಲೋಮ್‌ಹೋಲ್ಟ್ ಎಂಬ ವೈದ್ಯರು ಸುಮಾರು 11 ಸಾವಿರ ಜನರ ಚರ್ಮವನ್ನು ಪರೀಕ್ಷಿಸಿ, 1963ರಲ್ಲಿ ವರದಿ ಪ್ರಕಟಿಸಿದರು. ಸೋರಿಯಾಸಿಸ್ ಇದ್ದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯ ಹತ್ತಿರದ ನೆಂಟರಲ್ಲೂ ಅದು ಕಂಡಿತ್ತು. ರಕ್ತಸಂಬಂಧದ ಪಾತ್ರಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೆ ಒಂದೇ ಅಂಡದಿಂದ ಹುಟ್ಟಿದ ಅವಳಿಗಳನ್ನು ನೋಡಿ. ಇಬ್ಬರ ಜೀನ್‌ಗಳೂ ಒಂದೇ. ಆದರೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬಂದೇ ಬರುತ್ತದೆಂದಿಲ್ಲ. ಜೀನ್ ನೆಲವನ್ನು ಹದ ಮಾಡುತ್ತದೆ, ಮೊಳಕೆ ಒಡೆಸುವುದು ಬೇರೆ ಸಂಗತಿಗಳು: ಗಂಟಲಿನ ಸ್ಟ್ರೆಪ್ಟೊಕಾಕಸ್ ಸೋಂಕು, ಸಿಗರೇಟು, ಬೊಜ್ಜು, ಲಿಥಿಯಂನಂತಹ ಕೆಲವು ಔಷಧ, ಕೆಲವೊಮ್ಮೆ ಬರೀ ಒಂದು ತರಚು ಗಾಯ.

ಈ ನೆಲವನ್ನು ಎಲ್ಲಕ್ಕಿಂತ ಹೆಚ್ಚು ಹದ ಮಾಡುವ ಜೀನ್ ಆರನೇ ಕ್ರೋಮೊಸೋಮಿನಲ್ಲಿದೆ. ಹೆಸರು ಎಚ್‌ಎಲ್‌ಎ-ಸಿ. ಅದರ ಸಾವಿರಾರು ರೂಪಗಳಲ್ಲಿ 06:02 ಎಂಬುದು ಸೋರಿಯಾಸಿಸ್‌ಗೆ ಹತ್ತಿರದ್ದು. ನಮ್ಮ ಹೆಚ್ಚುಕಡಿಮೆ ಪ್ರತಿ ಜೀವಕೋಶವೂ ತನ್ನೊಳಗಿನ ಪ್ರೋಟೀನುಗಳನ್ನು ಚೂರು ಮಾಡಿ, ಚೂರೊಂದನ್ನು ಎಚ್‌ಎಲ್‌ಎ ಎಂಬ ಬೊಗಸೆಯಲ್ಲಿಟ್ಟು ಹೊರಗೆ ಚಾಚುತ್ತದೆ. ಗಸ್ತು ತಿರುಗುವ ಟಿ-ಕೋಶಗಳು, ಅಂದರೆ ದೇಹದ ರಕ್ಷಣಾ ಕೋಶಗಳು, ಅದನ್ನು ಮುಟ್ಟಿ ನೋಡುತ್ತವೆ. ನಮ್ಮದೇ ಚೂರಾದರೆ ಮುಂದೆ ಸಾಗುತ್ತವೆ, ವೈರಸ್ಸಿನದಾದರೆ ಆ ಕೋಶವನ್ನು ಕೊಲ್ಲುತ್ತವೆ. 06:02 ಬೊಗಸೆಯ ಆಕಾರವೇ ಬೇರೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕೋಶದ ಪ್ರೋಟೀನೊಂದರ ಚೂರು ಅದರಲ್ಲಿ ಕೂತರೆ ಟಿ-ಕೋಶಗಳು ಅದನ್ನು ಶತ್ರುವೆಂದು ಬಗೆಯುತ್ತವೆ ಎಂದು ಜರ್ಮನಿಯ ಮ್ಯೂನಿಕ್ ಸಂಶೋಧಕರು 2015ರಲ್ಲಿ ತೋರಿಸಿದರು. ಅಲ್ಲಿಂದ ಉರಿಯೂತದ ಸಂಕೇತಗಳು ಹೊರಡುತ್ತವೆ. ಸುಮಾರು ಒಂದು ತಿಂಗಳಲ್ಲಿ ಆಗಬೇಕಾದ ಚರ್ಮದ ಹೊಸ ಪದರ ನಾಲ್ಕೈದು ದಿನಕ್ಕೇ ಮೇಲೆ ಬಂದು, ಬಲಿಯದ ಕೋಶಗಳು ಹೊಟ್ಟಾಗಿ ಉದುರುತ್ತವೆ.

ಬೊಗಸೆಗೆ ಬರುವ ಚೂರನ್ನು ಅಳತೆಗೆ ತಕ್ಕಂತೆ ಕತ್ತರಿಸುವುದು ಇಆರ್‌ಎಪಿ-1 ಎಂಬ ಕಿಣ್ವ. ಅಡಕೆಗೆ ಅಡಕತ್ತರಿ ಇದ್ದ ಹಾಗೆ. ಇದರಲ್ಲೂ ಜನರಿಂದ ಜನರಿಗೆ ವ್ಯತ್ಯಾಸವಿದೆ. ನನಗೆ ಬಹಳ ಇಷ್ಟವಾದ ಸಂಗತಿ 2010ರಲ್ಲಿ ಹೊರಬಂತು: ಕತ್ತರಿಯ ಈ ವ್ಯತ್ಯಾಸ ಸೋರಿಯಾಸಿಸ್ ಅಪಾಯವನ್ನು ಏರಿಳಿಸುವುದು 06:02 ಬೊಗಸೆ ಇದ್ದವರಲ್ಲಿ ಮಾತ್ರ. ಎರಡು ಜೀನ್‌ಗಳು ಕೈಜೋಡಿಸಿದಾಗ ಮಾತ್ರ ಕಾಣುವ ಪರಿಣಾಮ ಇದು. ಹೀಗೆ ಚಿಕ್ಕ ಚಿಕ್ಕ ಪಾಲು ಹಾಕುವ ಜೀನ್ ತಾಣಗಳು ಈಗ ನೂರರ ಆಸುಪಾಸಿನಲ್ಲಿ ಸಿಕ್ಕಿವೆ. ಆದರೂ 06:02 ಇರುವವರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ಸೋರಿಯಾಸಿಸ್ ಬರುವುದೇ ಇಲ್ಲ. ಮದುವೆ ನಿಲ್ಲಿಸಲು ರಕ್ತಪರೀಕ್ಷೆಯ ಚೀಟಿ ಹಿಡಿಯುವವರಿಗೆ ಇದನ್ನು ಗಟ್ಟಿಯಾಗಿ ಹೇಳಬೇಕು.

ಜೀನ್‌ನ ವ್ಯತ್ಯಾಸ ರಕ್ಷಣೆಯನ್ನೂ ಕೊಡಬಲ್ಲದು. ಇಂಟರ್‌ಲ್ಯೂಕಿನ್-23 ಎಂಬ ಉರಿಯೂತದ ಸಂಕೇತವನ್ನು ಹಿಡಿಯುವ ಗ್ರಾಹಕದಲ್ಲಿ 381ನೇ ಸ್ಥಾನದ ಒಂದು ಅಮೈನೊ ಆಮ್ಲ ಬದಲಾಗಿ ಹುಟ್ಟಿದವರಿಗೆ ಸೋರಿಯಾಸಿಸ್ ಸಾಧ್ಯತೆ ಕಡಿಮೆ. ಅವರಲ್ಲಿ ಆ ಸಂಕೇತ ಹುಟ್ಟಿನಿಂದಲೇ ಮೆಲುದನಿಯದು. 2009ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಉಸ್ಟೆಕಿನುಮಾಬ್ ಇಂಜೆಕ್ಷನ್ ತಡೆಯುವುದೂ ಇದೇ ದಾರಿಯನ್ನು, ಜೊತೆಗೆ ಇಂಟರ್‌ಲ್ಯೂಕಿನ್-12ನ್ನು.

ಇನ್ನು ಕೀಲು. ಸೋರಿಯಾಸಿಸ್ ಇರುವವರಲ್ಲಿ ಮೂವರಿಗೊಬ್ಬರವರೆಗೆ ಸೋರಿಯಾಟಿಕ್ ಆರ್ಥ್ರೈಟಿಸ್ ಎಂಬ ಸಂಧಿವಾತ ಬರಬಹುದು. ಬೆರಳು ಬುಡದಿಂದ ತುದಿಯವರೆಗೆ ಇಡಿಯಾಗಿ ಊದುತ್ತದೆ, ಹಿಮ್ಮಡಿ ನೆಲಕ್ಕಿಡಲಾಗದಷ್ಟು ನೋಯುತ್ತದೆ. ಇದು ಚರ್ಮದ ಕಾಯಿಲೆಗಿಂತಲೂ ಗಟ್ಟಿಯಾಗಿ ಮನೆತನದಲ್ಲಿ ಹರಿಯುತ್ತದೆ. ಇಂಗ್ಲೆಂಡಿನ ಮಾಲ್ ಮತ್ತು ರೈಟ್ 1973ರಲ್ಲಿ ಲೆಕ್ಕ ಹಾಕಿದಂತೆ ರೋಗಿಯ ಒಡಹುಟ್ಟಿದವರು, ತಂದೆತಾಯಿ, ಮಕ್ಕಳಲ್ಲಿ ಇದರ ಸಾಧ್ಯತೆ ಸುಮಾರು 55 ಪಟ್ಟು ಹೆಚ್ಚು. ಇಷ್ಟಿದ್ದೂ ಚರ್ಮದ ಮುಖ್ಯ ಜೀನ್ ಕೀಲಿನಲ್ಲಿ ಮುಂದಾಳಲ್ಲ. ಇಲ್ಲಿ ಪಕ್ಕದ ಮನೆಯ ಎಚ್‌ಎಲ್‌ಎ-ಬಿ ಮುಂದೆ ಬರುತ್ತದೆ. ಅದರ ಬಿ-27 ರೂಪ ಬೆನ್ನುಮೂಳೆಯ ಕೀಲುಗಳ ಉರಿಯೂತದೊಂದಿಗೆ ತಳಕು ಹಾಕಿಕೊಂಡಿದೆ. ಎಚ್‌ಎಲ್‌ಎ-ಬಿ ಪ್ರೋಟೀನಿನ 45ನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಇದ್ದರೆ ಚರ್ಮಕ್ಕಿಂತ ಕೀಲಿನ ಅಪಾಯ ಹೆಚ್ಚು ಎಂದು 2014ರ ಅಧ್ಯಯನವೊಂದು ಗುರುತಿಸಿತು. 06:02 ಇದ್ದವರಿಗೋ, ಮಚ್ಚೆ ಚಿಕ್ಕ ವಯಸ್ಸಿಗೇ ಬಂದರೂ ಕೀಲುನೋವು ತಡವಾಗಿ ಬರುವುದು ವಾಡಿಕೆ.

ಹಾಗಾದರೆ ಯಾರ ಕೀಲಿಗೆ ಬರುತ್ತದೆಂದು ಜೀನ್ ನೋಡಿ ಹೇಳಬಹುದೇ? ಇವತ್ತಿಗೆ ಆಗದು. ಉಗುರು ನೋಡುವುದೇ ಮೇಲು. ಸೂಜಿಮೊನೆ ಚುಚ್ಚಿದಂತಹ ಗುಳಿಗಳು ಉಗುರಿನ ಮೇಲಿದ್ದರೆ, ಬೆಳಿಗ್ಗೆ ಬೆರಳು ಸಡಿಲಾಗಲು ಅರ್ಧ ಗಂಟೆಗೂ ಮೀರಿ ಹಿಡಿಯುತ್ತಿದ್ದರೆ ಕೀಲುರೋಗ ತಜ್ಞರ (ರುಮಟಾಲಜಿಸ್ಟ್) ಬಳಿ ಹೋಗಬೇಕು. ಆರು ತಿಂಗಳ ತಡವೂ ಕೀಲಿನ ಮೂಳೆಯನ್ನು ಸವೆಸಬಲ್ಲದು. ಆರ್‌ಎ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆ ನೆಗೆಟಿವ್ ಬಂತು, ಸಂಧಿವಾತವಲ್ಲ ಎಂದುಕೊಂಡು ಸುಮ್ಮನಾಗಬೇಡಿ. ಈ ಸಂಧಿವಾತದಲ್ಲಿ ಹೆಚ್ಚಿನವರಿಗೆ ಅದು ನೆಗೆಟಿವೇ ಬರುತ್ತದೆ, ಬಿ-27 ಕೂಡ.