ಇಂಗ್ಲಿಷ್‌ನಲ್ಲಿ ಹೊಗಳೋಕೆ ಹೋದರೆ ಯಾಕೆ ಬೆಣ್ಣೆ ಹಚ್ಚಿದ ಹಾಗೆ ಕೇಳಿಸುತ್ತೆ?

ಓದುಗರ ಪ್ರಶ್ನೆ: ನಮ್ಮ ಟೀಮಿನಲ್ಲಿ ಅರ್ಧ ಜನ ಅಮೆರಿಕದವರು. ಮಾತೆತ್ತಿದರೆ ಏನಾದರೊಂದು ಮೆಚ್ಚಿಕೊಂಡು ಹೇಳುತ್ತಾರೆ. ನಾನು ಹಾಗೇ ಹೇಳಲು ಹೋದರೆ ಬೆಣ್ಣೆ ಹಚ್ಚಿದ ಹಾಗೆ ಕೇಳಿಸುತ್ತದೆ. ಅವರು ನನ್ನನ್ನು ಹೊಗಳಿದರಂತೂ ಬಾಯೇ ಬರುವುದಿಲ್ಲ. ನನ್ನ ಇಂಗ್ಲಿಷ್ ಸಾಲದೇನೋ ಅಲ್ವಾ?

ಸಾಲುತ್ತದೆ. ಈ ಕೆಲಸಕ್ಕೆ ಬೇಕಾದ ಇಂಗ್ಲಿಷ್ ತೀರಾ ಕಡಿಮೆ. ಇದನ್ನು ಲೆಕ್ಕ ಹಾಕಿ ನೋಡಿದವರೂ ಇದ್ದಾರೆ. ಜೋನ್ ಮೇನ್ಸ್ ಮತ್ತು ನೆಸ್ಸಾ ವುಲ್ಫ್‌ಸನ್ ಎಂಬ ಇಬ್ಬರು ಭಾಷಾ ಸಂಶೋಧಕರು ಅಮೆರಿಕದಲ್ಲಿ ಜನ ದಿನಾ ಆಡುವ ಮೆಚ್ಚುಗೆಯ ಮಾತುಗಳನ್ನು, ಸುಮಾರು 700ರಷ್ಟು, ಕಿವಿಗೆ ಬಿದ್ದ ಹಾಗೆ ಕಲೆಹಾಕಿ 1981ರಲ್ಲಿ ಪ್ರಕಟಿಸಿದರು. ಅದರಲ್ಲಿ ಶೇ. 85ರಷ್ಟು ಮಾತುಗಳು ಬರೀ ಮೂರು ಅಚ್ಚಿನವು. 'ಯುವರ್ ಹೇರ್ ಲುಕ್ಸ್ ನೈಸ್' ಒಂದು. 'ಐ ಲವ್ ಯುವರ್ ಶರ್ಟ್' ಇನ್ನೊಂದು. 'ದಟ್ಸ್ ಅ ಗ್ರೇಟ್ ಐಡಿಯಾ' ಮೂರನೆಯದು. ವಿಶೇಷಣಗಳೂ ಅಷ್ಟೇ: ನೈಸ್, ಗುಡ್, ಬ್ಯೂಟಿಫುಲ್, ಪ್ರಿಟಿ, ಗ್ರೇಟ್. ವಿಶೇಷಣ ಇಟ್ಟು ಹೇಳಿದ ಮಾತುಗಳಲ್ಲಿ ಮೂರರಲ್ಲಿ ಎರಡು ಪಾಲು ಈ ಐದರಲ್ಲೇ ಮುಗಿದಿತ್ತು.

ಅಂದರೆ ಇಂಗ್ಲಿಷ್ ಮನೆಮಾತಾಗಿರುವವರು ಹೊಗಳುವಾಗ ಪದ ಹುಡುಕುವುದೇ ಇಲ್ಲ. ಪದ ಹುಡುಕುವವರು ನಾವು. ಹೊಗಳಿಕೆ ಅಂದರೆ ದೊಡ್ಡ ವಿಷಯ, ಅದಕ್ಕೆ ತಕ್ಕ ಹಾಗೆ ಮಾತೂ ದೊಡ್ಡದಿರಬೇಕು ಅಂದುಕೊಂಡು 'ಯು ಆರ್ ಅ ವೆರಿ ಟ್ಯಾಲೆಂಟೆಡ್ ಅಂಡ್ ಇನ್ಸ್‌ಪೈರಿಂಗ್ ಪರ್ಸನ್' ಅನ್ನುತ್ತೇವೆ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಅವರು ಕಾಫಿ ಮೆಷಿನ್ ಪಕ್ಕ ನಿಂತುಕೊಂಡು ಆಡುವ ಮಾತಿನ ಜಾಗದಲ್ಲಿ ನಾವು ಬೀಳ್ಕೊಡುಗೆ ಸಮಾರಂಭದ ಭಾಷಣ ಮಾಡಿದ ಹಾಗಾಗುತ್ತದೆ. ಬೆಣ್ಣೆ ಅನ್ನಿಸುವುದು ಅದಕ್ಕೇ.

ಅವರ ಮೆಚ್ಚುಗೆ ಬಹಳ ಸಲ ನಮ್ಮ 'ಊಟ ಆಯ್ತಾ?' ಮಾಡುವ ಕೆಲಸವನ್ನೇ ಮಾಡುತ್ತದೆ. ಮಾತು ಶುರು ಮಾಡಲು ಒಂದು ನೆಪ, ನಿನ್ನನ್ನು ಗಮನಿಸಿದೆ ಅಂತ ತಿಳಿಸುವ ಒಂದು ದಾರಿ. ಅದಕ್ಕೇ ಹೊಸದು ಕಂಡರೆ ಹೇಳಲೇಬೇಕು. ಕೂದಲು ಕಟ್ ಮಾಡಿಸಿಕೊಂಡು ಬಂದವರ ಎದುರು ಅಮೆರಿಕದಲ್ಲಿ ಸುಮ್ನೆ ಕೂತರೆ, ಇಷ್ಟ ಆಗಲಿಲ್ಲವೇನೋ ಅಂದುಕೊಳ್ಳುತ್ತಾರೆ. ವುಲ್ಫ್‌ಸನ್ ಮುಂದೆ ಇನ್ನೊಂದು ಸೊಗಸಾದ ವಿಷಯ ಗಮನಿಸಿದರು: ಇಂಥ ಮಾತು ಜಾಸ್ತಿ ಓಡಾಡುವುದು ತೀರಾ ಹತ್ತಿರದವರಲ್ಲೂ ಅಲ್ಲ, ಗುರುತೇ ಇಲ್ಲದವರಲ್ಲೂ ಅಲ್ಲ. ನಡುವಿನವರಲ್ಲಿ. ಸಹೋದ್ಯೋಗಿ, ಪಕ್ಕದ ಮನೆಯವರು, ಈಗಷ್ಟೇ ಸ್ನೇಹ ಆಗುತ್ತಿರುವವರು. ಅಲ್ಲಿ ಸಂಬಂಧ ಇನ್ನೂ ಗಟ್ಟಿಯಾಗಿರುವುದಿಲ್ಲ, ಅದಕ್ಕೆ ದಿನಾ ಸ್ವಲ್ಪ ಸ್ವಲ್ಪ ನೀರು ಹಾಕುತ್ತಿರುತ್ತಾರೆ.

ನಾವು ಮೆಚ್ಚುವುದಿಲ್ಲ ಅಂತ ಮಾತ್ರ ಯಾರೂ ಹೇಳಬೇಡಿ. ಮೆಚ್ಚುತ್ತೇವೆ, ಸುತ್ತು ಹಾಕಿ. 'ಸೀರೆ ಎಲ್ಲಿ ತಗೊಂಡ್ರಿ?' ಅಂತ ಕೇಳಿದರೆ ಸೀರೆ ಚೆನ್ನಾಗಿದೆ ಅಂತಲೇ ಅರ್ಥ. ಊಟಕ್ಕೆ ಕೂತಾಗ 'ಸಾರು ಚೆನ್ನಾಗಿದೆ' ಅನ್ನುತ್ತೀರಿ, ಅತ್ತೆ 'ಅಯ್ಯೋ, ಇವತ್ತು ಯಾಕೋ ಉಪ್ಪು ಕಡಿಮೆಯಾಯ್ತು' ಅನ್ನುತ್ತಾರೆ, ನೀವು 'ಏನಿಲ್ಲ, ಇನ್ನೊಂದು ಸೌಟು ಹಾಕಿ' ಅಂತ ತಟ್ಟೆ ಮುಂದೆ ಚಾಚುತ್ತೀರಿ. ಆ ಒಂದು ಸೌಟು ಸಾರಿನಲ್ಲಿ ಹೊಗಳಿಕೆ, ವಿನಯ, ಒಪ್ಪಿಗೆ ಎಲ್ಲಾ ಆಗಿಹೋಯಿತು. ಮಗುವಿನ ವಿಷಯಕ್ಕೆ ಬಂದರೆ ಇನ್ನೂ ಹುಷಾರು. ಎಷ್ಟು ಮುದ್ದಾಗಿದೆ ಅಂತ ಬಾಯ್ತುಂಬಾ ಹೊಗಳಿ ಹೋದರೆ ಅಜ್ಜಿ ಸಂಜೆ ದೃಷ್ಟಿ ತೆಗೆಯುತ್ತಾರೆ. ಇಂಥ ಮನೆಯಲ್ಲಿ ಬೆಳೆದವರಿಗೆ ಸಹೋದ್ಯೋಗಿ ಮಗುವಿನ ಫೋಟೋ ತೋರಿಸಿದ ತಕ್ಷಣ 'ಸೋ ಕ್ಯೂಟ್!' ಅಂತ ಬರದಿದ್ದರೆ ಅದು ಒರಟುತನ ಅಲ್ಲ. ಆದರೆ ಎದುರಿನವರಿಗೆ ಇದು ಗೊತ್ತಿರುವುದಿಲ್ಲ, ಅಷ್ಟೇ.

ನಾವು ಎಡವುವುದು ಯಾವುದನ್ನು ಹೊಗಳಬೇಕು ಅನ್ನುವಲ್ಲೂ ಹೌದು. 'ಯು ಹ್ಯಾವ್ ಬಿಕಮ್ ಥಿನ್', 'ಯು ಆರ್ ಲುಕಿಂಗ್ ಫೇರ್' ಅನ್ನುವುದನ್ನು ಆಫೀಸಿನಲ್ಲಿ ದಯವಿಟ್ಟು ಬಿಟ್ಟುಬಿಡಿ. ಮೈ, ಬಣ್ಣ, ತೂಕದ ಗೊಡವೆ ಬೇಡ. ಅವರು ಆರಿಸಿಕೊಂಡದ್ದನ್ನೋ ಮಾಡಿದ್ದನ್ನೋ ಹೇಳಿ: ಶರ್ಟು, ಬ್ಯಾಗು, ನಿನ್ನೆ ಕೊಟ್ಟ ಪ್ರೆಸೆಂಟೇಷನ್. ಮೇಲಿನವರನ್ನು 'ನೀವು ತುಂಬಾ ಬುದ್ಧಿವಂತರು' ಅಂತ ಹೊಗಳುವುದೂ ಅಷ್ಟು ಹೊಂದುವುದಿಲ್ಲ. ಕೆಲಸದ ಬಗ್ಗೆ ಮೆಚ್ಚುಗೆ ಅಲ್ಲಿ ಹೆಚ್ಚಾಗಿ ಮೇಲಿನವರಿಂದ ಕೆಳಗೆ ಬರುತ್ತದೆ. 'ದಟ್ ಎಕ್ಸಾಂಪಲ್ ರಿಯಲಿ ಹೆಲ್ಪ್ಡ್ ಮಿ' ಅನ್ನಿ, ಸಾಕು. ಅದು ಬೆಣ್ಣೆ ಅಲ್ಲ, ನಿಮಗೆ ಆದ ಉಪಯೋಗ.

ಈಗ ಬಾಯೇ ಬರದಿರುವ ವಿಷಯ. ನನಗೆ ಇದೇ ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ನಮ್ಮವರು ಜಾಸ್ತಿ ಕಳೆದುಕೊಳ್ಳುವುದು ಇಲ್ಲೇ. 'ಐ ಲವ್ ದಟ್ ಜಾಕೆಟ್' ಅಂದವರಿಗೆ 'ನೋ ನೋ, ವೆರಿ ಓಲ್ಡ್, ವೆರಿ ಚೀಪ್' ಅಂದುಬಿಡುತ್ತೇವೆ. ನಮಗದು ವಿನಯ. ಅವರಿಗೆ ಮಾತ್ರ 'ನಿನ್ನ ಅಭಿರುಚಿ ಸರಿಯಿಲ್ಲ' ಅಂದ ಹಾಗೆ ಕೇಳಬಹುದು, ಇಲ್ಲವೇ ಪಾಪ ಇನ್ನೊಂದು ಸಲ ಹೊಗಳಿ ಸಮಾಧಾನ ಮಾಡಬೇಕಾಗುತ್ತದೆ. ಜಾಕೆಟ್ ಆದರೆ ಪರವಾಗಿಲ್ಲ. ನೀವು ಮಾಡಿದ ಕೆಲಸವನ್ನು ಮ್ಯಾನೇಜರ್ ಹೊಗಳಿದಾಗಲೂ 'ನಥಿಂಗ್, ಇಟ್ ವಾಸ್ ಈಸಿ' ಅಂದರೆ ಅವರು ಅದನ್ನು ನಂಬಿಬಿಡಬಹುದು!

ಹಾಗಂತ ಇಂಗ್ಲಿಷ್‌ನವರಿಗೆ ಇದು ಸಲೀಸು ಅಂತಲ್ಲ. ಹೊಗಳಿದವರ ಮಾತಿಗೆ ಹೌದು ಅನ್ನಬೇಕು, ತನ್ನನ್ನು ತಾನೇ ಹೊಗಳಿಕೊಳ್ಳಲೂಬಾರದು ಎಂಬ ಇಕ್ಕಟ್ಟು ಅವರಿಗೂ ಇದೆ ಅಂತ ಜನರ ಮಾತುಕತೆಯನ್ನು ಅಧ್ಯಯನ ಮಾಡುವ ಅನಿತಾ ಪೊಮೆರಾಂಟ್ಜ್ 1978ರಲ್ಲೇ ಬರೆದಿದ್ದಾರೆ. ಇಂಗ್ಲಿಷ್‌ನವರು ಹುಡುಕಿಕೊಂಡಿರುವ ಒಂದು ದಾರಿ ತುಂಬಾ ಚೆನ್ನಾಗಿದೆ: ಥ್ಯಾಂಕ್ಸ್ ಅಂದು, ಹಿಂದೆಯೇ ಒಂದು ಸಣ್ಣ ಸುದ್ದಿ. 'ಥ್ಯಾಂಕ್ಸ್, ಐ ಗಾಟ್ ಇಟ್ ಇನ್ ಮೈಸೂರು.' 'ಥ್ಯಾಂಕ್ಸ್, ಟೆಸ್ಟಿಂಗ್ ಟೀಮ್ ಹೆಲ್ಪ್ಡ್ ಅ ಲಾಟ್.' ಜಂಬವೂ ಇಲ್ಲ, ತಿರಸ್ಕಾರವೂ ಇಲ್ಲ, ಮಾತು ಮುಂದಕ್ಕೂ ಹೋಗುತ್ತದೆ. ಇದು ರೂಢಿಯಾಗುತ್ತಾ ಅಂತ ಅನುಮಾನ ಇದ್ದರೆ ಚೀನಾದ ಷಿಯಾನ್ ನಗರದ ಕಥೆ ಕೇಳಿ. ಅಲ್ಲಿನ ಕಾಲೇಜು ವಿದ್ಯಾರ್ಥಿಗಳು ಹೊಗಳಿದರೆ ಬಹುತೇಕ ಬೇಡ ಬೇಡ ಅನ್ನುತ್ತಾರೆ ಅಂತ 1993ರ ಒಂದು ಅಧ್ಯಯನ ಹೇಳಿತ್ತು. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದೇ ನಗರದ ವಿದ್ಯಾರ್ಥಿಗಳಲ್ಲಿ ಒಪ್ಪಿಕೊಳ್ಳುವ ಉತ್ತರಗಳೇ ಹೆಚ್ಚಾಗಿದ್ದವು. ಅವರು ಮಾತಾಡುತ್ತಿದ್ದದ್ದು ಚೀನೀ ಭಾಷೆಯಲ್ಲೇ.

ಎಲ್ಲಾ ಹೊಗಳಿಕೆಯೂ ಹೊಗಳಿಕೆ ಅಲ್ಲ, ಅದು ನೆನಪಿರಲಿ. 'ದಿಸ್ ಈಸ್ ಅ ಗ್ರೇಟ್ ಸ್ಟಾರ್ಟ್, ಬಟ್...' ಅಂದರೆ ಕೆಲಸ ಇನ್ನೂ ಇದೆ ಅಂತ. ಕಿವಿ 'ಬಟ್' ಕಡೆಗಿರಲಿ. ಬ್ರಿಟನ್ನಿನವರು 'ಕ್ವೈಟ್ ಗುಡ್' ಅಂದರೆ ಬಹಳ ಸಲ ಪರವಾಗಿಲ್ಲ ಅಂತಷ್ಟೇ. ಅಮೆರಿಕದವರ ಬಾಯಲ್ಲಿ ಅದೇ ಮಾತಿನ ತೂಕ ಜಾಸ್ತಿ.

ಇಂಗ್ಲಿಷ್‌ನವರೇ ಎಡವುವ ಒಂದು ಹೊಗಳಿಕೆಯೂ ಇದೆ: 'ಯುವರ್ ಇಂಗ್ಲಿಷ್ ಈಸ್ ಸೋ ಗುಡ್!' ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಮ್ಮಿನಲ್ಲೇ ಓದಿದವರಿಗೆ ಇದು ಚುಚ್ಚುತ್ತದೆ, ಚುಚ್ಚಬೇಕಾದದ್ದೇ. ಹೇಳಿದವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಕೆಟ್ಟದ್ದು ಇರುವುದಿಲ್ಲ. ಇಲ್ಲೂ ಅದೇ ಉತ್ತರ ನಡೆಯುತ್ತದೆ: 'ಥ್ಯಾಂಕ್ಸ್, ಐ ಹ್ಯಾವ್ ಸ್ಪೋಕನ್ ಇಟ್ ಸಿನ್ಸ್ ಐ ವಾಸ್ ಫೋರ್. ಅಟ್ ಹೋಮ್ ವಿ ಸ್ಪೀಕ್ ಕನ್ನಡ.' ಕನ್ನಡದ ಬಗ್ಗೆ ಅವರು ಮುಂದೆ ಏನಾದರೂ ಕೇಳಿದರೆ ಪುರುಸೊತ್ತು ಮಾಡಿಕೊಂಡು ಹೇಳಿ.